ಉಣ್ಣಿ ಗುಲಾಬಿ

ಗುಲಾಬಿ ಯಾರ ಮನೆಗೆ ಬಂದರೂ ನೇರವಾಗಿ ಮೆಟ್ಟಿಲು ಹತ್ತಿದವಳಲ್ಲ. ಅಂಗಳದಲ್ಲಿ ಬಿಸಿಲು ಚೆನ್ನಾಗಿ ಬೀಳುವ ಜಾಗ ನೋಡಿ ನಿಲ್ಲುತ್ತಿದ್ದಳು. ಮೊದಲು ಸಾಕ್ಸ್ ಕಳಚಿ ಒಳಹೊರಗು ಮಾಡಿ ಕೊಡವುವುದು. ಆಮೇಲೆ ಪ್ಯಾಂಟಿನ ಮಡಿಕೆ, ಸೊಂಟದ ಪಟ್ಟಿ, ತೋಳಿನ ಹೊಲಿಗೆ, ಕಾಲರ್. ಕೊನೆಗೆ ಎರಡು ಬೆರಳಿನಿಂದ ಕಿವಿಯ ಹಿಂದೆ, ಜಡೆಯ ಬುಡದಲ್ಲಿ ಸವರಿಕೊಳ್ಳುತ್ತಿದ್ದಳು. ಏನಾದರೂ ಸಿಕ್ಕರೆ ಕಿಸೆಯ ಸಣ್ಣ ಗಾಜಿನ ಶೀಶೆಗೆ ಹಾಕಿ ಮುಚ್ಚಳ ಬಿಗಿಯುವಳು. ಸಿಗದಿದ್ದರೆ ತುಸು ನಿರಾಸೆಯಿಂದಲೇ ನನ್ನನ್ನು ಕರೆದು, "ಟೀಚರ್, ಒಳಗ್ ಬತ್ತೆ" ಎನ್ನುವಳು.

ಕುಂದಾಪುರದ ನಮ್ಮ ಓಣಿಯ ಹೆಂಗಸರಿಗೆ ಇದು ಒಂದು ಸಿನಿಮಾ. ಎದುರುಮನೆಯಾಕೆ ಕಿಟಕಿಯಿಂದಲೇ ಕೂಗುತ್ತಿದ್ದಳು: "ಹ್ವಾಯ್, ನಿಮ್ಮ ಉಣ್ಣಿ ಗುಲಾಬಿ ಬಂದ್ಲ್ ಕಾಣಿ!"

ಗುಲಾಬಿ ತಲೆಯೆತ್ತದೆ ಉತ್ತರ ಕೊಡುತ್ತಿದ್ದಳು. "ಬನ್ನಿ ಅಕ್ಕ, ನಿಮ್ಮ ತಲಿನೂ ಕಾಂತೆ. ಉಣ್ಣಿ ಇಲ್ದಿರೂ ಹೇನ್ ಆರೂ ಇಕ್ಕ್."

ಕಿಟಕಿ ಮುಚ್ಚುತ್ತಿತ್ತು.

ಅವಳ ಕೆಲಸವೇ ಅದು. ಆರೋಗ್ಯ ಇಲಾಖೆಯಲ್ಲಿ, ಮಂಗನ ಕಾಯಿಲೆಯ ವಿಭಾಗದಲ್ಲಿ, ಕಾಡಿನಿಂದ ಉಣ್ಣಿ ಹಿಡಿದು ತರುವುದು. ಮಂಗ ಸತ್ತ ಸುದ್ದಿ ಬಂದರೆ ಎಲ್ಲರಿಗಿಂತ ಮೊದಲು ಅಲ್ಲಿಗೆ ತಲುಪುವುದು. ಒಂದು ಬಿಳಿ ಫ್ಲಾನೆಲ್ ಬಟ್ಟೆಯ ಅಂಚನ್ನು ಕೋಲಿಗೆ ಕಟ್ಟಿ, ತರಗೆಲೆಯ ಮೇಲೆ ಹಿಂದಿನಿಂದ ಎಳೆದುಕೊಂಡು ನಡೆಯಬೇಕು. ಹತ್ತು ಹೆಜ್ಜೆಗೊಮ್ಮೆ ನಿಂತು, ಬಟ್ಟೆ ಮಗುಚಿ, ಕಚ್ಚಿಕೊಂಡಿರುವ ಉಣ್ಣಿಗಳನ್ನು ಚಿಮಟದಿಂದ ಒಂದೊಂದಾಗಿ ಬಿಡಿಸಬೇಕು. ಸಾಸಿವೆಗಿಂತ ಸಣ್ಣವು. ಬೆಳಗ್ಗೆ ಹೊರಟರೆ ಮಧ್ಯಾಹ್ನದವರೆಗೆ ಇದೇ. ದೂರದಿಂದ ನೋಡಿದರೆ ಯಾರೋ ಹುಚ್ಚಿ ಕಾಡನ್ನು ಒರೆಸುತ್ತಿದ್ದಾಳೆ ಅನ್ನಿಸಬೇಕು.

ಜುವಾಲಜಿ ಓದಿದ ಹುಡುಗಿ ಹೀಗೂ ಸರ್ಕಾರಿ ಕೆಲಸ ಮಾಡಬಹುದು ಎಂದು ಅವಳಿಗೆ ಪಾಠ ಮಾಡಿದ ನನಗೆ ಗೊತ್ತಿರಲಿಲ್ಲ. ನಮ್ಮ ಹುಡುಗಿಯರು ಬಿ.ಎಸ್ಸಿ. ಮುಗಿಸಿದರೆ ಟೀಚರ್ ಆಗುತ್ತಿದ್ದರು, ಬ್ಯಾಂಕ್ ಪರೀಕ್ಷೆ ಬರೆಯುತ್ತಿದ್ದರು, ಇಲ್ಲವೇ ಮದುವೆಯಾಗಿ ಮುಂಬೈಗೆ ಹೋಗುತ್ತಿದ್ದರು. ಪಬ್ಲಿಕ್ ಸರ್ವಿಸ್ ಎಂದರೆ ನನ್ನ ಕಣ್ಣಿಗೆ ಬರುತ್ತಿದ್ದದ್ದು ತಹಶೀಲ್ದಾರರ ಜೀಪು. ಉಣ್ಣಿಯ ಶೀಶೆಯಲ್ಲ.

ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರ್‌ಗಳು ನಮಗೆ ಪಾಠಕ್ಕಿಂತ ಹೆಚ್ಚು ಮ್ಯಾನರ್ಸ್ ಕಲಿಸಿದರು. ಬೆನ್ನು ನೆಟ್ಟಗಿಟ್ಟು ಕೂರುವುದು, ಬಾಯಿ ಮುಚ್ಚಿ ಅಗಿಯುವುದು, ಬೇಜಾರಿನ ವಿಷಯವನ್ನು ಬೇಜಾರಾಗದ ಹಾಗೆ ಹೇಳುವುದು. ಈ ಕೊನೆಯದರಲ್ಲಿ ನನಗೆ ಬಹುಮಾನ ಕೂಡ ಬಂದಿತ್ತು ಅನ್ನಬಹುದು. ಅದೇ ಮ್ಯಾನರ್ಸ್ ಹೊತ್ತುಕೊಂಡು ಇಪ್ಪತ್ತೆಂಟು ವರ್ಷ ಈ ಕಡೆಯ ಒಂದು ಕಾಲೇಜಿನಲ್ಲಿ ಜುವಾಲಜಿ ಹೇಳಿಕೊಟ್ಟೆ. ಉಣ್ಣಿಗೆ ಎಂಟು ಕಾಲು, ಅದು ಕೀಟವಲ್ಲ, ಜೇಡದ ಸಂಬಂಧಿ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆಯುತ್ತಿದ್ದೆ. ಒಂದೇ ಒಂದು ಉಣ್ಣಿಯನ್ನೂ ಕೈಯಿಂದ ಮುಟ್ಟಿದವಳಲ್ಲ.

ಗುಲಾಬಿ ಗುಲ್ವಾಡಿಯ ಹೊಳೆಬದಿಯಿಂದ ಬರುತ್ತಿದ್ದಳು. ತಾಯಿ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುತ್ತಿದ್ದಳು. ಬೆಳಗ್ಗೆ ತಾಯಿಗೆ ಬುಟ್ಟಿ ತುಂಬಿಸಿಕೊಟ್ಟು, ಅದೇ ಕೈಯಲ್ಲಿ ಪುಸ್ತಕ ಹಿಡಿದು ಬಸ್ ಹತ್ತುವಳು. ಕ್ಲಾಸಿನ ಹುಡುಗಿಯರು ಅವಳು ಬಂದೊಡನೆ ಕರ್ಚೀಫ್ ತೆಗೆಯುತ್ತಿದ್ದರು. ಅವರನ್ನು ಗದರಬೇಕಾದ ನಾನು ಗುಲಾಬಿಯನ್ನು ಸ್ಟಾಫ್ ರೂಮಿಗೆ ಕರೆದು, ಬಹಳ ಮೆತ್ತಗಿನ ದನಿಯಲ್ಲಿ ಒಂದು ಚಂದದ ಸೋಪಿನ ಹೆಸರು ಹೇಳಿದೆ. ಅವಳು ತಲೆಯಾಡಿಸಿದಳು. ಮರುದಿನ ಆ ಸೋಪಿನ ವಾಸನೆ ಹೊತ್ತುಕೊಂಡೇ ಬಂದಳು. ಹುಡುಗಿಯರು ಆಗಲೂ ಕರ್ಚೀಫ್ ತೆಗೆದರು; ಈಗ ನಗಲಿಕ್ಕೆ.

ಆದರೆ ಡಿಸೆಕ್ಷನ್ ಟೇಬಲ್ಲಿನ ಎದುರು ಅವಳಿಗೆ ಸಮ ಯಾರೂ ಇರಲಿಲ್ಲ. ಉಳಿದವರು ಕತ್ತರಿ ಹಿಡಿದು ನಡುಗುವಾಗ ಅವಳು ನರವೊಂದನ್ನು ಹೂವಿನ ಎಳೆಯ ಹಾಗೆ ಬಿಡಿಸಿ ಎತ್ತಿ ಇಡುತ್ತಿದ್ದಳು. ಹೊರಗಿನಿಂದ ಬಂದ ಎಕ್ಸಾಮಿನರ್ ಒಬ್ಬರು, "ಎಲ್ಲಿ ಕಲಿತದ್ದಮ್ಮ?" ಎಂದು ಕೇಳಿದಾಗ, "ಬಂಗ್ಡೆ ಸೀಳಿ ಸಾರ್" ಎಂದಿದ್ದಳು.

ಎಂ.ಎಸ್ಸಿ.ಗೆ ಅರ್ಜಿ ಹಾಕುವ ಹೊತ್ತಿಗೆ ಶಿಫಾರಸು ಪತ್ರ ಕೇಳಿಕೊಂಡು ಬಂದಳು. ಅವಳ ಇಂಗ್ಲಿಷ್ ಕೆಟ್ಟದಾಗಿತ್ತು. ಆ ವರ್ಷ ನಾನು ಇಂಗ್ಲಿಷ್ ಚೆನ್ನಾಗಿದ್ದ ಇನ್ನೊಬ್ಬಳಿಗೆ ಬರೆದುಕೊಟ್ಟಾಗಿತ್ತು. ಇಬ್ಬರಿಗೂ ಬರೆಯಬಾರದೆಂದು ಯಾವ ರೂಲ್ಸೂ ಇರಲಿಲ್ಲ. ಆದರೂ ಹೇಳಿದೆ, "ನಿನ್ನ ಕೈ ಚೆನ್ನಾಗಿದೆ ಗುಲಾಬಿ. ಆದರೆ ಎಂ.ಎಸ್ಸಿ.ಗೆ ಬರೀ ಕೈ ಸಾಲದು. ಡೋಂಟ್ ಫೀಲ್ ಬ್ಯಾಡ್."

ಅವಳು ನನ್ನನ್ನೇ ನೋಡಿ, "ಅಕ್ಕ್ ಟೀಚರ್" ಎಂದು ಒಪ್ಪಿಕೊಂಡು ಹೊರಟುಹೋದಳು. ಆ ಇನ್ನೊಬ್ಬಳು ಎಂ.ಎಸ್ಸಿ.ಯನ್ನು ಅರ್ಧಕ್ಕೇ ಬಿಟ್ಟು ಮದುವೆಯಾದಳು.

ಕೆಲಸ ಸಿಕ್ಕ ಕಥೆಯನ್ನು ಗುಲಾಬಿ ನನಗೆ ವರ್ಷಗಳ ನಂತರ ಹೇಳಿದ್ದು, ನನ್ನ ಜಗಲಿಯಲ್ಲಿ ಕೂತು, ಬಸಳೆ ದಂಟು ಮುರಿಯುತ್ತ. ಯಾವುದೋ ಕಛೇರಿಯ ಗೋಡೆಗೆ ಅಂಟಿಸಿದ್ದ ಕಾಗದ ನೋಡಿ ಹೋಗಿದ್ದಳಂತೆ.

"ಐದ್ ಜನ ಕೂಕಂಡಿದ್ರ್ ಟೀಚರ್. ಅಭ್ಯರ್ಥಿ ಅಂದೇಳಿ ಬಂದದ್ದ್ ನಾನ್ ಒಬ್ಳೇ. ಉಣ್ಣಿ ಗಂಡಾ ಹೆಣ್ಣಾ ಹ್ಯಾಂಗೆ ಗೊತ್ತಾತ್ತ್ ಕೇಂಡ್ರ್. ಬೆನ್ನ್ ಕಂಡ್ರೆ ಗೊತ್ತಾತ್ತ್ ಅಂದೆ. ಗಂಡಿಗೆ ಇಡೀ ಬೆನ್ನಿಗೆ ಗಟ್ಟಿ ಹಲಿಗೆ. ಹೆಣ್ಣಿಗೆ ಮುಂದೆ ಚೂರೇ ಚೂರ್. ಎಂತಕ್ಕೆ ಕೇಂಡ್ರ್. ಹೆಣ್ ರಕ್ತ ಕುಡ್ದ್ ಉಬ್ಬುಕಲೆ ಸಾರ್, ಹಲಿಗೆ ಇದ್ರೆ ಉಬ್ಬೂದ್ ಹ್ಯಾಂಗೆ ಅಂದೆ. ನಾಳೆಯಿಂದ ಬಾ ಅಂದ್ರ್."

ನಾಳೆಯಿಂದ ಎಂದರೂ ಅದು ಮಂಗನ ಕಾಯಿಲೆಯ ಸೀಸನ್ನಿಗೆ ಮಾತ್ರ. ಮಳೆ ಬಿದ್ದರೆ ಕೆಲಸ ಹೋಯಿತು. ಆರು ವರ್ಷ ಹಾಗೇ ಕರೆದು ಹಾಗೇ ಬಿಟ್ಟರು. ಏಳನೆಯ ವರ್ಷ ಪರೀಕ್ಷೆ ಬರೆದು ಖಾಯಂ ಆದಳು. ಅಷ್ಟರಲ್ಲಿ ಬ್ರಹ್ಮಾವರದ ಕಡೆಯ ಒಂದು ಸಂಬಂಧ ಬಂದು ತಪ್ಪಿತ್ತು. ಮಂಗನ ಹೆಣ ಸುಡುವ ಹೆಣ್ಣು ತಮ್ಮ ಮನೆಯ ಒಲೆಯ ಮುಂದೆ ಕೂರುವುದು ಬೇಡ ಎಂದರಂತೆ. "ನಂಗೂ ಅವ್ರ ಒಲಿ ಬೇಡ. ಬರೀ ಹೊಗಿ" ಎಂದಳು ಗುಲಾಬಿ.

ಅವಳ ನಾಲಗೆ ದಿನೇದಿನೇ ಹರಿತವಾಗುತ್ತ ಹೋಯಿತು. ಕಾಡಂಚಿನ ಮನೆಗಳಿಗೆ ಇಲಾಖೆ ಒಂದು ಎಣ್ಣೆ ಕೊಡುತ್ತದೆ. ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಹಚ್ಚಿಕೊಂಡರೆ ಉಣ್ಣಿ ಹತ್ತುವುದಿಲ್ಲ. ಜನ ಅದನ್ನು ಬಾಗಿಲಿನ ಕೀಲಿಗೆ ಹಾಕುತ್ತಿದ್ದರು. ಗುಲಾಬಿ ಬಾಗಿಲು ಅಲ್ಲಾಡಿಸಿ ನೋಡುವಳು. ಶಬ್ದ ಬಾರದಿದ್ದರೆ ಮುಗಿಯಿತು. "ಬಾಗ್ಲಿಗೆ ಜ್ವರ ಬತ್ತಿಲ್ಲೆ ಮಾರಾಯ್ರೆ. ನೀವ್ ಸತ್ರೆ ಹೆಣ ಹೊರ್ಗ್ ತಪ್ಪತಿಗೆ ಬಾಗ್ಲ್ ಕಿರ್ ಅನ್ನುಕಾಗ ಅಂದೇಳಿಯಾ?"

ಅವಳು ಹೀಗೆ ಮಾತಾಡಿದ್ದು ಕೇಳಿ ನನಗೆ ಮೈ ಜುಂ ಅನ್ನುತ್ತಿತ್ತು. "ಸ್ವಲ್ಪ ನೈಸ್ ಆಗಿ ಹೇಳಬಾರದೇನೇ?" ಎಂದರೆ, "ನಗಾಡ್ಕಂಡ್ ಹೇಳ್ರೆ ಅವ್ರ್ ನಗಾಡ್ಕಂಡೇ ಸಾಯ್ತ್ರ್ ಟೀಚರ್" ಎನ್ನುತ್ತಿದ್ದಳು.

ನಾನು ನಿವೃತ್ತಳಾಗಿ ಕೆಲವು ವರ್ಷ ಕಳೆದಿತ್ತು. ಕಾರು ಇತ್ತು, ಓಡಿಸಲು ಬರುತ್ತಿತ್ತು, ಹೋಗಲಿಕ್ಕೆ ಜಾಗವಿರಲಿಲ್ಲ. ಒಂದು ಬೆಳಗ್ಗೆ ಗುಲಾಬಿಯ ಫೋನ್ ಬಂತು. ಕೆರಾಡಿಯಿಂದ ಇನ್ನೂ ಒಳಗೆ, ಕಾಡಿಗೆ ಆತುಕೊಂಡ ನಾಲ್ಕೈದು ಮನೆಗಳ ಹತ್ತಿರ ಮಂಗವೊಂದು ಸತ್ತಿದೆ. ಇಲಾಖೆಯ ಜೀಪು ಬೈಂದೂರಿಗೆ ಹೋಗಿದೆ. "ನಿಮ್ಮ ಕಾರ್ ಬೇಕಿತ್ತ್ ಟೀಚರ್. ತಡ ಆಪುಕಾಗ."

ದಾರಿಯುದ್ದಕ್ಕೂ ಅವಳು ನನಗೆ ಪಾಠ ಮಾಡಿದಳು. ಹೆಮ್ಮಾಡಿ ದಾಟಿ ವಂಡ್ಸೆಯ ಕಡೆ ತಿರುಗುವಾಗ, ಕಾಲೇಜಿನಲ್ಲಿ ನಾನು ಎಂದೂ ಹೇಳದ ಮಾತೊಂದನ್ನು ಹೇಳಿದಳು. "ಮಂಗ ಸತ್ತ್ ಮೈ ತಣ್ದ್ ಕೂಡ್ಲೆ ಉಣ್ಣಿ ಇಳಿತ್ತ್ ಟೀಚರ್. ಬೆಚ್ಚಗಿಪ್ಪು ಇನ್ನೊಂದ್ ಮೈ ಹುಡ್ಕತ್ತ್. ಹತ್ರ ಇದ್ದದ್ದ್ ಯಾರೋ ಅವ್ರಿಗೆ ಹತ್ತತ್ತ್. ಹಾಂಗಾಯಿ ಸತ್ತ ಮಂಗನ ಹತ್ರ ಯಾರೂ ಹೋಪುಕಾಗ. ಹೋರೆ ಒಂದ್ ವಾರ ಕಾದ್ ಕಾಂಕ್. ಜ್ವರ ಬಂದ್ರೆ ಆ ದಿನವೇ ಆಸ್ಪತ್ರಿ. ತಡ ಆರೆ ಹೋಯ್ತ್."

ನಾವು ಹೋದಾಗ ಅಂಗಳದಲ್ಲಿ ಇಪ್ಪತ್ತು ಜನ ಸೇರಿದ್ದರು. ನಡುವೆ ಹೆರಿಯಣ್ಣ ಎಂಬ ಅರವತ್ತರ ಹಿರಿಯರು ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಅವರ ಮಡಿಲಲ್ಲಿ ಮಂಗ. ಅರಿಶಿನದ ನೀರಿನಲ್ಲಿ ಮೀಯಿಸಿ, ಹಣೆಗೆ ಕುಂಕುಮವಿಟ್ಟು, ಹೆಗಲಿಗೆ ಹೊಸ ಬೈರಾಸು ಹೊದೆಸಿದ್ದರು. ಕೊರಳಿಗೆ ಅಬ್ಬಲಿಗೆ ಮಾಲೆ. ಹೆರಿಯಣ್ಣ ಚಮಚೆಯಿಂದ ಅದರ ಬಾಯಿಗೆ ತುಳಸಿನೀರು ಬಿಡುತ್ತಿದ್ದರು. ನೀರು ತುಟಿಯಂಚಿನಿಂದ ಇಳಿದು ಅವರ ತೊಡೆ ಒದ್ದೆಯಾಗಿತ್ತು. ಆ ಕಡೆ ಮಂಗ ಸತ್ತರೆ ಹನುಮಂತನೇ ಹೋದ ಹಾಗೆ. ಮನುಷ್ಯರಿಗೆ ಮಾಡುವುದನ್ನೆಲ್ಲ ಮಾಡಿ, ಕೂರಿಸಿ, ಮಣ್ಣು ಮಾಡುತ್ತಾರೆ. ಕಾಡಿನಂಚಿನಿಂದ ಅಂಗಳದವರೆಗೆ ಐದು ಜನ ಅದನ್ನು ಬಿದಿರ ಚಟ್ಟದ ಮೇಲೆ ಹೊತ್ತು ತಂದಿದ್ದರು.

ಹೆರಿಯಣ್ಣನಿಗೆ ಇನ್ನೂ ಒಂದು ಸಂಕಟವಿತ್ತು. ನಾಲ್ಕು ದಿನ ಮೊದಲು ತೆಂಗಿನ ಬೊಂಡ ಹಾಳು ಮಾಡುತ್ತದೆಂದು ಅದೇ ಮಂಗಕ್ಕೆ ಕವಣೆಯಿಂದ ಕಲ್ಲು ಬೀಸಿದ್ದರಂತೆ. "ನಾನೇ ಕೊಂದದ್ದ್" ಎಂದು ಅಳುತ್ತಿದ್ದರು.

ಗುಲಾಬಿ ಕಾರಿನಿಂದ ಇಳಿಯುತ್ತಲೇ ಗವಸು, ಬೂಟು ಹಾಕಿಕೊಂಡಳು. ಅಂಗಳದ ಅಂಚಿನಲ್ಲಿ ನಿಂತು ಕೂಗಿದಳು: "ಎಲ್ರೂ ಏಳಿ! ದೂರ ಹೋಯ್ನಿ! ಹೆರಿಯಣ್ಣ, ಕೆಳಗೆ ಇಡಿ ಅದನ್ನ!"

ಯಾರೂ ಏಳಲಿಲ್ಲ. ಹೆರಿಯಣ್ಣನ ಹೆಂಡತಿ ಚಂದು, ಒಣಕಲು ಹೆಂಗಸು, ಮುಂದೆ ಬಂದಳು. "ಮೀನ್ ಮಾರೂಳ ಮಗ್ಳಿಗೆ ದೇವ್ರ್ ಅಂದ್ರೆ ಎಂತ ಅಂದೇಳಿ ಗೊತ್ತಿಲ್ದಿದ್ರೆ ಬಾಯಿ ಮುಚ್ಕಂಡ್ ನಿಲ್ಲ್ ಹೆಣ್ಣೆ. ಸಂಸ್ಕಾರ ಮುಗೀಲಿ."

"ದೇವ್ರಿಗೆ ಜ್ವರ ಬಂದ್ ಸತ್ತದ್ದ್ ಚಂದಕ್ಕ. ನಿಮ್ಮ ಗಂಡನ ಕಲ್ಲಿಗೆ ಅಲ್ಲ." ಆಮೇಲೆ ಹೆರಿಯಣ್ಣನ ಕಡೆ ತಿರುಗಿ, ಇಡೀ ಅಂಗಳಕ್ಕೆ ಕೇಳುವ ಹಾಗೆ ಹೇಳಿದಳು, "ಮಂಗನ್ನ ಮಡ್ಲಗೆ ಹಾಕಂಡ್ ಕೂಕಂಡಿದ್ರ್ಯಲೆ, ಇನ್ನ್ ಎಂಟ್ ದಿನಕ್ಕೆ ನಿಮ್ಮನ್ ಯಾರ್ ಮಡ್ಲಗೆ ಹಾಕಂತ್ರ್? ಚಂದಕ್ಕನಾ?"

ಅಂಗಳ ಒಮ್ಮೆಗೆ ಎದ್ದು ನಿಂತಿತು. ಯಾರೋ ಅವಳನ್ನು ನೂಕಿದರು. ಯಾರೋ ಸಗಣಿ ನೀರು ಎರಚಿದರು. ಅವಳು ಮುಖ ಒರೆಸಿಕೊಳ್ಳಲಿಲ್ಲ. ಆ ಗಲಾಟೆಯಲ್ಲಿ ಹೆರಿಯಣ್ಣನ ಕೈ ಸಡಿಲಾದದ್ದೇ ತಡ, ಮಂಗವನ್ನು ಎಳೆದು ಚೀಲಕ್ಕೆ ತುಂಬಿ, ತೋಡಿನಾಚೆ ಕಟ್ಟಿಗೆ ಒಟ್ಟಿ, ಕೂರಿಸಿ ಹೂಳಬೇಕಾದ ದೇವರನ್ನು ಸೀಮೆಎಣ್ಣೆ ಸುರಿದು ಸುಟ್ಟಳು. ಹೆರಿಯಣ್ಣ ನೆಲಕ್ಕೆ ಹಣೆ ಚಚ್ಚಿಕೊಂಡರು. ಹೊತ್ತ ಐದು ಜನರ ಹೆಸರು ಬರೆದುಕೊಂಡಳು. ಮೊದಲ ಹೆಸರು ಹೆರಿಯಣ್ಣನದು. ಆಮೇಲೆ ಮಂಗ ಬಿದ್ದಿದ್ದ ಜಾಗದ ಸುತ್ತ ಉಣ್ಣಿ ಸಾಯುವ ಪುಡಿ ಎರಚಲು ಕಾಡಿನಂಚಿಗೆ ಹೋದಳು.

ನಾನು ಕಾರಿನ ಒಳಗಿದ್ದೆ. ಗಲಾಟೆ ಶುರುವಾದೊಡನೆ ಗಾಜು ಏರಿಸಿಕೊಂಡು ಕೂತಿದ್ದೆ. ಚಂದು ಬಂದು ಗಾಜು ತಟ್ಟಿದಳು. ಇಳಿಸಿದೆ.

"ಅಮ್ಮ, ನೀವ್ ಆ ಹೆಣ್ಣಿಗೆ ಕಲ್ಸಿದ ಟೀಚರ್ ಅಂಬ್ರಲೆ. ದೊಡ್ಡೋರ್. ನೀವೇ ಹೇಳಿ. ಮುಟ್ರೆ ಎಂತ ಆತ್ತಾ? ಇವ್ರ್ ಉಣ್ತಿಲ್ಲೆ, ಹೆದ್ರಿ ನಡುಗ್ತಾ ಇದ್ರ್."

ನನಗೆ ಆ ಅಂಗಳದ ಬಗ್ಗೆ, ಎರಚಿದ ಸಗಣಿಯ ಬಗ್ಗೆ, ಗುಲಾಬಿಯ ಬಾಯಿಯ ಬಗ್ಗೆ ನಾಚಿಕೆಯಾಗಿತ್ತು. ಯಾರಾದರೂ ಒಂದು ಒಳ್ಳೆಯ ಮಾತು ಹೇಳಬೇಕಿತ್ತು. ದಾರಿಯಲ್ಲಿ ಗುಲಾಬಿ ಹೇಳಿದ್ದನ್ನು ಬದಿಗಿಟ್ಟು, ಸ್ನಾನ ಮಾಡಿದರೆ ಸಾಕೋ ಇಲ್ಲವೋ ಗೊತ್ತಿಲ್ಲದೆಯೇ ಹೇಳಿದೆ.

"ಏನೂ ಆಗುವುದಿಲ್ಲಮ್ಮ. ಅವಳು ಸ್ವಲ್ಪ ಒರಟು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಬಿಸಿನೀರಲ್ಲಿ ಚೆನ್ನಾಗಿ ಸೋಪು ಹಚ್ಚಿ ಸ್ನಾನ ಮಾಡಿಸಿ, ಸಾಕು."

ಚಂದು ಎರಡೂ ಕೈ ಎತ್ತಿ ಮುಗಿದಳು. ನನಗೆ ಎಷ್ಟು ಹಗುರವಾಯಿತೆಂದರೆ, ವಾಪಸು ಬರುವಾಗ ಗುಲಾಬಿಗೆ ಹೇಳಬೇಕೆಂದೇ ಅನ್ನಿಸಲಿಲ್ಲ. ಅವಳ ತಲೆಗೂದಲಿನಿಂದ ಸಗಣಿಯ ವಾಸನೆ ಬರುತ್ತಿತ್ತು. ನಾನು ಕಿಟಕಿ ತೆರೆದೆ.

ಮುಂದಿನದು ನನಗೆ ತಿಳಿದದ್ದು ಎರಡು ವಾರದ ನಂತರ. ಗುಲಾಬಿ ನಮ್ಮ ಅಂಗಳದಲ್ಲಿ ನಿಂತಿದ್ದಳು. ಒಳಗೆ ಬಾ ಎಂದರೆ ಬರಲಿಲ್ಲ.

"ಹೆರಿಯಣ್ಣ ಹೋರ್" ಎಂದಳು.

ಏಳನೆಯ ದಿನ ಜ್ವರ ಬಂದಿತ್ತು. ಸ್ನಾನ ಮಾಡಿಸಿ ಆಗಿದೆ, ಇದು ಆ ಜ್ವರವಲ್ಲ ಎಂದು ಚಂದು ಕಷಾಯ ಕೊಟ್ಟಳು. ವಿಚಾರಿಸಲು ಗುಲಾಬಿ ಹೋದಾಗ ಅವರನ್ನು ಒಳಕೋಣೆಯಲ್ಲಿ ಮಲಗಿಸಿ, ಬೈಂದೂರಿನ ಮಗಳ ಮನೆಗೆ ಹೋಗಿದ್ದಾರೆ ಎಂದರು. ಈ ನಡುವೆ ದೇವರನ್ನು ಅವಮಾನಿಸಿದಳೆಂದು ಊರವರು ಅವಳ ಮೇಲೆ ದೂರು ಕೊಟ್ಟಿದ್ದರು. ಮೇಲಿನವರು ಕರೆಸಿ ಅವಳಿಂದ ಕ್ಷಮಾಪಣೆ ಬರೆಸಿಕೊಂಡಿದ್ದರು. ಹಾಗಾಗಿ ಬಾಗಿಲು ನೂಕಿ ಒಳಗೆ ಹೋಗುವ ಹಾಗಿರಲಿಲ್ಲ. ವಸಡಿನಲ್ಲಿ ರಕ್ತ ಕಂಡ ಮೇಲೆ ಆಸ್ಪತ್ರೆಗೆ ಹೊರಟರು. ದಾರಿಯಲ್ಲೇ ಮುಗಿಯಿತು.

"ಯಾಕೆ ಬಚ್ಚಿಟ್ಟರಂತೆ?" ಎಂದು ಕೇಳಿದೆ. ಉತ್ತರ ನನಗೆ ಆಗಲೇ ಗೊತ್ತಿತ್ತು.

"ಕಾರಿನ ಅಮ್ಮ ಎಂತ ಆತಿಲ್ಲೆ ಅಂದಿದ್ರಂಬ್ರ್." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಒಳ್ಳೆಯದಿತ್ತು.

"ಗುಲಾಬಿ, ಐ ಓನ್ಲಿ ವಾಂಟೆಡ್ ಟು… ಅವಳಿಗೆ ಸಮಾಧಾನ ಹೇಳಿದ್ದಷ್ಟೇ…"

"ಸಮಾಧಾನ ಹೇಳುಕೆ ನೀವ್ ಯಾರ್ ಟೀಚರ್? ಗೊತ್ತಿಲ್ದಿದ್ರೆ ಗೊತ್ತಿಲ್ಲೆ ಅಂಬುಕೆ ಎಂತ ಕಷ್ಟ ನಿಮ್ಗೆ?" ಎಂದಳು. "ಹೊತ್ತವ್ರಗೆ ಇನ್ನೂ ನಾಲ್ಕ್ ಜನ ಇದ್ರ್. ಇಬ್ರಿಗೆ ಮೈ ಕಾಯ್ತಾ ಇತ್ತ್. ಪರೀಕ್ಷೆಗೆ ರಕ್ತ ಕೊಡೂದಿಲ್ಲೆ ಅಂತ್ರ್. ಹೆರಿಯಣ್ಣಂಗೆ ಹನುಮಂತನ ಶಾಪ, ಆ ಹೆಣ್ ಸುಟ್ಟದ್ದಕ್ಕೆ ಅಂತ್ರ್. ನಾನ್ ಹೇಳ್ರೆ ಕೇಂತಿಲ್ಲೆ. ನೀವ್ ಹೇಳ್ರೆ ಕೇಂತ್ರ್. ಹೊರಡಿ."

ನನಗೆ ಬಿ.ಪಿ. ಇದೆ ಎಂದೆ. ನಾಳೆ ಹೋಗೋಣ ಎಂದೆ. ಒಂದು ಕಾಗದದಲ್ಲಿ ಬರೆದುಕೊಡಲಾ ಎಂದೂ ಕೇಳಿದೆ.

"ಅವ್ರಿಗೆ ಓದುಕ್ ಬತ್ತಿಲ್ಲೆ" ಎಂದಳು. "ಸೀರಿ ಬದಲ್ಸೂದ್ ಬೇಡ. ಹಿಂಗೇ ಬನ್ನಿ."

ಅಂಗಳ ಅದೇ. ಈಗ ಬೈರಾಸು ಹೊದ್ದು ಮೂಲೆಯಲ್ಲಿ ಕೂತದ್ದು ಚಂದು. ಉಳಿದ ಮನೆಯವರು ಜಗಲಿಯುದ್ದಕ್ಕೂ ಗೋಡೆಗೆ ಒರಗಿದ್ದರು. ಅವರಲ್ಲಿ ಒಬ್ಬನ ಕಣ್ಣು ಕೆಂಡದ ಹಾಗಿತ್ತು. ಮಧ್ಯಾಹ್ನದ ಸೆಕೆಯಲ್ಲೂ ಕಂಬಳಿ ಹೊದ್ದಿದ್ದ. ನನ್ನನ್ನು ಕಂಡೊಡನೆ ಜಾಗ ಬಿಟ್ಟುಕೊಟ್ಟರು, ಚಾಪೆ ಹಾಕಿದರು, ಬೆಲ್ಲ ನೀರು ತಂದಿಟ್ಟರು.

ನಾನು ಶುರು ಮಾಡಿದೆ. ಯಾವ ಕಾಯಿಲೆಯನ್ನೂ ನಿರ್ಲಕ್ಷಿಸಬಾರದು, ವಿಜ್ಞಾನ ಹೀಗೆ ಹೇಳುತ್ತದೆ, ಕೆಲವೊಮ್ಮೆ ಮಾಹಿತಿ ಅಪೂರ್ಣವಾಗಿರುತ್ತದೆ… ನನ್ನ ದನಿ ನನಗೇ ಎಷ್ಟು ಚಂದ ಕೇಳಿಸುತ್ತಿತ್ತು!

"ಹಾಂಗಲ್ಲ ಟೀಚರ್." ಗುಲಾಬಿ ನನ್ನ ಹಿಂದೆಯೇ ನಿಂತಿದ್ದಳು. "ಇವ್ರಿಗೆ ಅರ್ಥ ಆಪು ಹಾಂಗೆ ಹೇಳಿ. ನಂಗ್ ಗೊತ್ತಿರ್ಲಿಲ್ಲೆ, ಗೊತ್ತಿತ್ತ್ ಅಂಬ್ರ ಹಾಂಗೆ ಹೇಳ್ದೆ ಅನ್ನಿ."

ಇಪ್ಪತ್ತು ಜನ ನನ್ನನ್ನು ನೋಡುತ್ತಿದ್ದರು. ಗುಲಾಬಿ ಪಕ್ಕಕ್ಕೆ ಬರಲಿಲ್ಲ. ಬೆನ್ನ ಹಿಂದೆ ಅವಳ ಉಸಿರು ಕೇಳಿಸುತ್ತಿತ್ತು.

"ನನಗೆ ಗೊತ್ತಿರಲಿಲ್ಲ" ಎಂದೆ.

"ಇನ್ನೂ ಇತ್ತ್."

"ಗೊತ್ತಿದ್ದವಳ ಹಾಗೆ ಹೇಳಿದೆ. ನಾನು ಹೇಳಿದ್ದು ಸುಳ್ಳು. ಗುಲಾಬಿ ಹೇಳಿದ್ದೇ ಸತ್ಯ. ಅವಳ ಮಾತು ಕೇಳಿದ್ದರೆ ನಿಮ್ಮ ಯಜಮಾನರು…" ಅಲ್ಲಿ ನನ್ನ ಮಾತು ನಿಂತಿತು. ಗುಲಾಬಿ ಅದನ್ನೂ ಮುಗಿಸಿದಳು. "ಬದ್ಕುಕೂ ಸಾಕಿತ್ತ್."

ಚಂದು ಮೂಲೆಯಿಂದ ನನ್ನನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ, ಬೈದರೆ ಸಾಕು ಎಂದುಕೊಂಡೆ. ಅವಳು ಒಂದು ವರದಿ ಒಪ್ಪಿಸುವ ಹಾಗೆ ಹೇಳಿದಳು.

"ನೀವ್ ಹೇಳ್ದಾಂಗೇ ಮಾಡ್ದೆ ಅಮ್ಮ. ಮೂರ್ ಸಲ ಮೀಸ್ದೆ ಅವ್ರನ್ನ. ಬಿಸಿ ನೀರಗೆ. ಸೋಪ್ ಇರ್ಲಿಲ್ಲೆ, ಆಚೆಮನೆಯಿಂದ ತಂದ್ ಹಚ್ದೆ."

ಆಮೇಲೆ ಜಗಲಿಯ ಕಡೆ ತಿರುಗಿ, "ಕೈ ಚಾಚಿ ಎಲ್ರೂ. ರಕ್ತ ಕೊಡಿ ಆ ಹೆಣ್ಣಿಗೆ" ಎಂದಳು.

ಗುಲಾಬಿ ಒಬ್ಬೊಬ್ಬರ ತೋಳಿಗೂ ಪಟ್ಟಿ ಬಿಗಿದು ಸೂಜಿ ಚುಚ್ಚಿದಳು. ಒಬ್ಬರೂ ಮಿಸುಕಲಿಲ್ಲ. ಮೈ ಕಾಯುತ್ತಿದ್ದ ಇಬ್ಬರನ್ನು ನನ್ನ ಕಾರಿನ ಹಿಂದಿನ ಸೀಟಿನಲ್ಲೇ ಆಸ್ಪತ್ರೆಗೆ ಸೇರಿಸಿದೆವು. ಇಬ್ಬರಿಗೂ ಅದೇ ಜ್ವರ. ಇಬ್ಬರೂ ಬದುಕಿ ಮನೆಗೆ ಹೋದರೆಂದು ಆಮೇಲೆ ಕೇಳಿದೆ.

ಆಸ್ಪತ್ರೆಯ ಗೇಟಿನಲ್ಲಿ ಗುಲಾಬಿ ಇಳಿದುಕೊಂಡಳು. ಈಗಲಾದರೂ ಒಂದು ಮಾತು ಆಡುತ್ತಾಳೆ, ಹೋಗಲಿ ಬಿಡಿ ಟೀಚರ್ ಎನ್ನುತ್ತಾಳೆ ಎಂದು ಸ್ಟೀರಿಂಗ್ ಹಿಡಿದು ಕಾದೆ.

"ಇನ್ನ್ ಮೇಲೆ ನಿಮ್ಮ ಕಾರ್ ಬೇಡ. ಜೀಪ್ ಬಪ್ಪಲ್ಲಿವರೆಗೆ ಬಸ್ಸಗೆ ಹೋತೆ" ಎಂದು ಬಾಗಿಲು ಮುಚ್ಚಿದಳು. ಜೋರಾಗಿ ಮುಚ್ಚಲಿಲ್ಲ. ಸರಿಯಾಗಿ ಮುಚ್ಚಿದೆಯೇ ಎಂದು ಒಮ್ಮೆ ಎಳೆದೂ ನೋಡಿದಳು.

ಹೆರಿಯಣ್ಣನ ಸಾವಿಗೆ ಊರೂ ಕಛೇರಿಯೂ ಗುಲಾಬಿಯ ಒರಟು ಬಾಯಿಯನ್ನೇ ಕಾರಣವೆಂದುಕೊಂಡವು. ಆ ಅಂಗಳದಲ್ಲಿ ನಾನು ಹೇಳಿದ್ದು ಆ ಅಂಗಳದಲ್ಲೇ ಉಳಿಯಿತು. ಅವಳನ್ನು ಬೈಂದೂರಿನ ಕಡೆಗೆ ವರ್ಗ ಮಾಡಿದರು. ವಿಚಾರಣೆಯಲ್ಲಿ ಅವಳು ನನ್ನ ಹೆಸರು ಹೇಳಿದ್ದರೆ ಬಚಾವಾಗುತ್ತಿದ್ದಳು. ಹೇಳಲಿಲ್ಲ. ಅದು ನನ್ನ ಮೇಲಿನ ಪ್ರೀತಿ ಎಂದು ಸ್ವಲ್ಪ ಕಾಲ ನಂಬಿಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಹೆಸರು ಹೇಳುವಷ್ಟು ದೊಡ್ಡವಳೆಂದು ಅವಳು ನನ್ನನ್ನು ಎಣಿಸಿರಲಿಲ್ಲ, ಅಷ್ಟೇ.

ಹಬ್ಬಕ್ಕೆ ಫೋನ್ ಮಾಡುತ್ತಿದ್ದೆ. ಎತ್ತುತ್ತಿದ್ದಳು.

"ಎಂತ ಟೀಚರ್, ಜ್ವರವಾ?"

"ಇಲ್ಲ ಗುಲಾಬಿ, ಸುಮ್ಮನೆ…"

"ಹಾಂಗಾರೆ ಇಡ್ತೆ. ಕೆಲ್ಸ ಇತ್ತ್."

ಹೀಗೆ ಮೂರು ವರ್ಷ.

ಕಳೆದ ಚಳಿಗಾಲ ನನಗೆ ನಿಜವಾಗಿ ಜ್ವರ ಬಂತು. ಹಿಂದಿನ ವಾರ ತಂಗಿಯ ಮಗನ ಜೊತೆ ಕೊಲ್ಲೂರಿಗೆ ಹೋಗಿ, ಕಾಡಿನ ದಾರಿಯ ಪಕ್ಕ ಕೂತು ಬುತ್ತಿ ತಿಂದು ಬಂದಿದ್ದೆ. ಥರ್ಮಾಮೀಟರ್ ನೋಡಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದು ಬಗೆಯ ಖುಷಿಯಲ್ಲೇ ಫೋನ್ ತೆಗೆದೆ. ಅವಳು ಮಧ್ಯಾಹ್ನದೊಳಗೆ ಬಂದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಮಾಸ್ಕ್ ಹಾಕಿದ್ದಳು, ಕಣ್ಣು ಮಾತ್ರ ಕಾಣುತ್ತಿತ್ತು. ಜಗಲಿಯಲ್ಲಿ ಕೂರಿಸಿ ರಕ್ತ ತೆಗೆದಳು. ನೋವಾಗಲೇ ಇಲ್ಲ. ಆಮೇಲೆ ಫಾರಂ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ಹೆಸ್ರ್?"

ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ಪೆನ್ನು ಕಾಯುತ್ತಿತ್ತು. ಹೇಳಿದೆ.

"ಪ್ರಾಯ?"

ಹೇಳಿದೆ.

"ಕಾಡಿಗೆ ಹೋಯ್ದ್ರಾ? ಏಗ್ಳ್? ಮಂಗನ ಹತ್ರ ಹೋಯ್ದ್ರಾ?"

ಎಲ್ಲ ಹೇಳಿದೆ, ಒಂದು ದಿ‌ನವನ್ನೂ ಆಚೀಚೆ ಮಾಡದೆ.

"ಉದ್ಯೋಗ?"

"ರಿಟೈರ್ಡ್ ಲೆಕ್ಚರರ್" ಎಂದೆ. "ಜುವಾಲಜಿ."

ಅವಳು ಬರೆಯುವುದನ್ನು ನಾನು ಎದುರಿನಿಂದ, ತಲೆಕೆಳಗಾಗಿ ನೋಡುತ್ತಿದ್ದೆ. ಆ ಜಾಗದಲ್ಲಿ ಅಕ್ಷರ ಬರೆಯಲಿಲ್ಲ. ಏನೂ ಇಲ್ಲದವರಿಗೆ ಎಳೆಯುವ ಹಾಗೆ ಒಂದು ಅಡ್ಡಗೆರೆ ಎಳೆದಳು. ಸಹಿ ಮಾಡಿಸಿಕೊಂಡು, "ರಕ್ತದ್ ವರದಿ ಬಪ್ಪಲ್ಲಿವರೆಗೆ ಮಲ್ಕಣಿ. ವಸಡಗೆ ರಕ್ತ ಬಂದ್ರೆ ಕೂಡ್ಲೆ ಆಸ್ಪತ್ರಿಗೆ ಹೋಯ್ನಿ" ಎಂದು ಚೀಲ ಹೆಗಲಿಗೇರಿಸಿದಳು. ಕಾಫಿ ಕುಡಿ ಎಂದೆ. ಇನ್ನೂ ಎರಡು ಮನೆ ಇದೆ ಎಂದಳು.

ಮೂರನೆಯ ದಿನ ಅವಳ ಆಫೀಸಿನಿಂದ ಗುರುತಿಲ್ಲದ ಯಾರೋ ಹೆಂಗಸು ಫೋನ್ ಮಾಡಿ, "ನಿಮ್ದ್ ನೆಗೆಟಿವ್ ಅಮ್ಮ, ಎಂತ ಹೆದ್ರಿಕಿಲ್ಲೆ" ಎಂದಳು. ಅಷ್ಟು ಹೊತ್ತಿಗೆ ಜ್ವರವೂ ಬಿಟ್ಟಿತ್ತು.